ಮುಚ್ಚಳ ಕೂರದ ಡಬ್ಬಿ

ವೆನ್ಲಾಕಿನ ಹಳೆ ಕಟ್ಟಡದ ಜಗಲಿಯಲ್ಲಿ
ಹನ್ನೊಂದೂವರೆಗೆ ಗಂಜಿ ಕೊಡುತ್ತಿದ್ದರು.
ಯಾರೋ ಪುಣ್ಯಾತ್ಮರು, ಬೋರ್ಡು ಬ್ಯಾನರು ಏನಿಲ್ಲ,
ಒಂದು ಅಲ್ಯೂಮಿನಿಯಂ ಹಂಡೆ, ಒಂದು ಸೌಟು,
ಎಲೆಚೂರಿನಲ್ಲಿ ಮಿಡಿ ಉಪ್ಪಿನಕಾಯಿ.
ಪಾತ್ರೆ ಮಾತ್ರ ನಮ್ಮದೇ ಆಗಬೇಕು.

ನನ್ನಲ್ಲಿ ಪಾತ್ರೆ ಇರಲಿಲ್ಲ.
ಉಮಾನಾಥನ ಕಣ್ಣು ಅರಸಿನದ ಹಾಗೆ ಆಗಿತ್ತು,
ಇಲಿಜ್ವರ ಅಂದಿದ್ದರು.
ಗೇರುಬೀಜದ ಫ್ಯಾಕ್ಟರಿ ಬಾಗಿಲು ಹಾಕಿ ಮೂರು ತಿಂಗಳು,
ನನ್ನ ಬೆರಳಿನ ಕಪ್ಪು ಹೋಗುತ್ತ ಬಂದಿತ್ತು,
ಜೊತೆಗೆ ಸೆರಗಿನ ಗಂಟಿನ ದುಡ್ಡೂ.
ತಮ್ಮನನ್ನು ರಿಕ್ಷಾಕ್ಕೆ ಎತ್ತಿ ಹಾಕುವಾಗ
ತಟ್ಟೆ ಯಾರಿಗೆ ನೆನಪಾಗುತ್ತದೆ?

ಸಾಲಿನಿಂದ ಹೊರಗೆ ಬಂದೆ.
ಹಸಿವಿಲ್ಲದವಳ ಹಾಗೆ
ಗೋಡೆಯ ಮೇಲಿನ ಪೋಲಿಯೋ ಚಿತ್ರ ಓದಿದೆ.
ಎರಡು ಸಲ ಓದಿದೆ.

"ಒಣಸಾಂಡಾ?"
ಊಟ ಆಯಿತೇ ಅಂತ ನಮ್ಮೂರಲ್ಲಿ
ದಾರಿಯಲ್ಲಿ ಹೋಗುವವರೂ ಕೇಳುತ್ತಾರೆ,
ಉತ್ತರಕ್ಕೆ ಯಾರೂ ನಿಲ್ಲುವುದಿಲ್ಲ.
ಇವಳು ನಿಂತಳು.
ತಲೆಗೆ ಬಿಳಿ ಶಾಲು, ಕಂಕುಳಲ್ಲಿ ಸುತ್ತಿದ ಚಾಪೆ,
ಕೈಯಲ್ಲೊಂದು ಸ್ಟೀಲ್ ಡಬ್ಬಿ, ತೊಳೆದದ್ದು, ಇನ್ನೂ ಒದ್ದೆ.
"ದೆತೊನ್ಲೆ. ಇನ್ನು ನಮಗೆ ಇದು ಬೇಡ."

ನಾನೊಂದು ಮೂರ್ಖಿ. ಅಂದುಬಿಟ್ಟೆ:
"ಪುಣ್ಯ ಮಾಡಿದ್ದೀರಿ ಮಾರಾಯ್ರೆ, ಮನೆಗೆ ಹೊರಟಿರಿ."
ಅವಳು ಹೌದು ಅಂದಳು.
"ಬೇಗ ಹೋಗಿ, ಹಂಡೆಯ ತಳ ಕಾಣ್ತಾ ಉಂಟು."

ಗಂಜಿ ಬಿಸಿ ಇತ್ತು.
ಅದರ ಬಗ್ಗೆ ಹೆಚ್ಚು ಹೇಳಲಾರೆ.

ಸಂಜೆ ಫ್ಲೋರಿನ್ ಬಾಯಿ ನೆಲ ಒರೆಸುತ್ತ ಹೇಳಿದಳು:
ಆ ಕೊನೆಯ ಮಂಚದ ಹುಡುಗ, ಉಳ್ಳಾಲದ ಕಡೆಯವನು,
ಬೆಳಿಗ್ಗೆ ಹತ್ತೂಮುಕ್ಕಾಲಿಗೆ.
ತಾಯಿ ಚಾಪೆ ಸುತ್ತಿದಳು, ಡಬ್ಬಿ ತೊಳೆದಳು,
ಗಾಡಿ ಬರುವವರೆಗೆ ಮತ್ತೆಂತ ಮಾಡುವುದು, ಹೇಳಿ.

ಲೆಕ್ಕ ಹಾಕಿದೆ. ಮುಕ್ಕಾಲು ಗಂಟೆ.
ಅಷ್ಟರೊಳಗೆ ಆ ಕಣ್ಣಿಗೆ
ಗೋಡೆ ಓದುತ್ತಿದ್ದ ನನ್ನ ಬೆನ್ನು ಹೇಗೆ ಕಂಡಿತು?

ಉಮಾನಾಥ ಎದ್ದ.
ಡಬ್ಬಿಯ ಅಡಿಯಲ್ಲಿ ಚುಕ್ಕಿ ಚುಕ್ಕಿ ಅಕ್ಷರ:
ಕಲ್ಯಾಣಿ ಶೇರಿಗಾರ್, ಜೆಪ್ಪು, ಗೃಹಪ್ರವೇಶ, ೬-೫-೯೪.
ಒಂದು ಚಿಪ್ಪು ಕದಳಿ ಹಣ್ಣು ಹಿಡಿದು
ಕೇಳುತ್ತ ಕೇಳುತ್ತ ಹೋದೆ.
ಕಲ್ಯಾಣಮ್ಮ ಕನ್ನಡಕ ಹಣೆಗೇರಿಸಿ ನಕ್ಕರು,
"ಅಯ್ಯೋ, ಇದಾ! ಎಪ್ಪತ್ತು ಹಂಚಿದ್ದೆವು ಅವತ್ತು,
ಒಂದರ ಮುಚ್ಚಳವೂ ಸರಿ ಕೂರುತ್ತಿರಲಿಲ್ಲ.
ಯಾರಿಂದ ಯಾರಿಗೆ ಹೋಯಿತೋ. ಆ ಮನೆಯೇ ಈಗ ನಮ್ಮದಲ್ಲ."
ಚಹಾ ಕೊಟ್ಟರು. ಹಣ್ಣು ಇಟ್ಟುಕೊಂಡರು.
ಡಬ್ಬಿ ನನ್ನ ಕೈಗೇ ಬಂತು.

ಉಳ್ಳಾಲದ ಬಸ್ಸಿನಲ್ಲಿ ಬಿಳಿ ಶಾಲು ಕಂಡರೆ
ಈಗಲೂ ಬಗ್ಗಿ ಮುಖ ನೋಡುತ್ತೇನೆ.
ಸಿಕ್ಕಿದರೆ ಎಂತ ಹೇಳಲಿ?
ಆ ಪುಣ್ಯದ ಮಾತು ವಾಪಸು ಕೊಡಿ ಅನ್ನಲೇ?

ಇನ್ನೊಂದನ್ನೂ ಹೇಳಿಬಿಡಬೇಕು.
ಹೋದ ವರ್ಷ ಅದೇ ಜಗಲಿಯಲ್ಲಿ
ಗದಗದ ಕಡೆಯವಳೊಬ್ಬಳು
ಗಂಜಿಗೆ ಪ್ಲಾಸ್ಟಿಕ್ ತೊಟ್ಟೆ ಒಡ್ಡಿದ್ದಳು.
ಡಬ್ಬಿ ನನ್ನ ಚೀಲದಲ್ಲೇ ಇತ್ತು.
ಕೊಡಲಿಲ್ಲ.
ಓಡಿ ಹೋಗಿ ಹಂಪನಕಟ್ಟೆಯ ಅಂಗಡಿಯಿಂದ
ಹೊಸ ಬಟ್ಟಲು ತಂದೆ, ಎಂಬತ್ತು ರೂಪಾಯಿಯದು.
ಅವಳು ಕೈಮುಗಿದಳು.
ಬರುವಷ್ಟರಲ್ಲಿ ಹಂಡೆ ಖಾಲಿಯಾಗಿತ್ತು.

ಈಗ ಅದರಲ್ಲಿ ಉಪ್ಪು ಹಾಕಿಟ್ಟಿದ್ದೇನೆ.
ಮುಚ್ಚಳ ಕೂರುವುದಿಲ್ಲ,
ಆಟಿ ತಿಂಗಳಲ್ಲಿ ನೀರೊಡೆಯುತ್ತದೆ.
ಬೇರೆ ಡಬ್ಬಿಗೆ ಸುರಿ ಅಕ್ಕಾ, ಅನ್ನುತ್ತಾನೆ ಉಮಾನಾಥ.
ಅವನಿಗೆ ಆ ಜ್ವರದ ದಿನಗಳದ್ದು
ಏನೇನೂ ನೆನಪಿಲ್ಲ.